ಗಾಳಿಗೆ ಎರಡು ಬಾಗಿಲು

ಬಸವಕಲ್ಯಾಣದ ನಮ್ಮ ಹಳೆಯ ಮನೆಯ ನಡುಮನೆಯಲ್ಲಿ ನಿಂತು ತಲೆಯೆತ್ತಿ ನೋಡಿದರೆ, ತೊಲೆ ಜಂತಿಗಳ ನಡುವೆ ಒಂದು ಮೊಳದಷ್ಟು ಅಗಲದ ಬೆಳಕಿಂಡಿಯೊಂದು ಕಾಣುತ್ತದೆ. ಹಗಲಿನಲ್ಲಿ ಅದರ ಮೂಲಕ ಇಳಿದ ಬಿಸಿಲಿನ ಕೋಲು ಶಹಾಬಾದಿ ಫರಸಿಯ ನೆಲದ ಮೇಲೆ ಪಡುವಣದಿಂದ ಮೂಡಣಕ್ಕೆ ಮೆಲ್ಲಮೆಲ್ಲನೆ ಸರಿಯುತ್ತ, ಗಡಿಯಾರವಿಲ್ಲದ ಕಾಲದಲ್ಲಿ ಮನೆಯವರಿಗೆ ಹೊತ್ತನ್ನು ತಿಳಿಸುತ್ತಿತ್ತೆಂದು ಹಿರಿಯರು ಹೇಳುತ್ತಿದ್ದರು. ಹೆಸರಿನಲ್ಲಿ ಬೆಳಕೇ ಮುಂದಾಗಿದ್ದರೂ, ಆ ಕಿಂಡಿಯ ಮಹತ್ತಾದ ಉಪಕಾರವು ಪ್ರಾರಂಭವಾಗುತ್ತಿದ್ದುದು ಸೂರ್ಯನು ಮುಳುಗಿದ ತರುವಾಯ. ವೈಶಾಖದ ಸಂಜೆಗಳಲ್ಲಿ ನಮ್ಮ ತಾಯಿಯವರು ದೇವರ ಮುಂದೆ ದೀಪವನ್ನು ಹಚ್ಚಿಟ್ಟು, ಉರಿಹೊತ್ತಿನಲ್ಲಿ ಮುಚ್ಚಿಟ್ಟಿದ್ದ ಕಿಂಡಿಯ ಹಲಗೆಯನ್ನು ಬಿದಿರುಗಳುವಿನಿಂದ ಪಕ್ಕಕ್ಕೆ ಸರಿಸಿ, ಆಮೇಲೆ ಹಿತ್ತಲ ಬಾಗಿಲನ್ನು ತೆರೆಯುತ್ತಿದ್ದರು. ತೆರೆದ ಕೆಲವು ನಿಮಿಷಗಳಲ್ಲಿಯೇ ದೀಪದ ಕುಡಿಯು ಒಳಗಡೆಗೆ ಬಾಗುತ್ತಿತ್ತು, ದಿನವಿಡೀ ಜಂತಿಗಳ ಕೆಳಗೆ ಮಡುಗಟ್ಟಿದ್ದ ಕಾವು ಕಿಂಡಿಯಿಂದ ಆಕಾಶಕ್ಕೆ ಏರಿಹೋಗುತ್ತಿತ್ತು, ಮತ್ತು ಅದು ತೆರವು ಮಾಡಿಕೊಟ್ಟ ಸ್ಥಳಕ್ಕೆ ಹಿತ್ತಲಿನ ತಂಗಾಳಿಯು ನೆಲವನ್ನು ಸವರುತ್ತ ಬರುತ್ತಿತ್ತು. ಬೀಸಣಿಗೆಯಿಲ್ಲದೆ, ಯಂತ್ರವಿಲ್ಲದೆ, ಒಂದು ಕಾಸಿನ ವೆಚ್ಚವೂ ಇಲ್ಲದೆ ಪ್ರತಿದಿನವೂ ನಡೆಯುತ್ತಿದ್ದ ಈ ಕಾರ್ಯದ ಹಿಂದೆ ಎಷ್ಟು ಶತಮಾನಗಳ ವಿವೇಕವು ನಿಂತಿದೆಯೆಂಬುದನ್ನು ನಾನು ಆಲೋಚಿಸತೊಡಗಿದ್ದು ಮಾತ್ರ ಬಹಳ ತಡವಾಗಿ, ಅದೂ ಹುಮ್ನಾಬಾದಿನಲ್ಲಿ ನನ್ನ ಅಣ್ಣನ ಮಗನ ಗಣಕಯಂತ್ರವು ಒಂದು ಬೇಸಿಗೆಯಲ್ಲಿ ಮೇಲಿಂದ ಮೇಲೆ ನಿಂತುಹೋಗಲು ಪ್ರಾರಂಭಿಸಿದಾಗ.

ಆ ಗಣಕದ ವಿಷಯವನ್ನು ಮುಂದೆ ಹೇಳುವೆನು. ಅದಕ್ಕೆ ಮೊದಲು ಈ ನಾಡು ತಾಪದೊಡನೆ ಹೇಗೆ ಬಾಳಿತೆಂಬುದನ್ನು ಹೇಳುವುದು ಅವಶ್ಯ. ಏಕೆಂದರೆ ಹುಡುಗನು ಆ ಚಿಕ್ಕ ಪೆಟ್ಟಿಗೆಯಲ್ಲಿ ಬಿಡಿಸಲಾರದೆ ಹೋದ ಸಮಸ್ಯೆಯು ಹೊಸದಲ್ಲ, ಅದರ ಪರಿಹಾರವೂ ಹೊಸದಲ್ಲ.

ಬಸವಕಲ್ಯಾಣವೂ ಹುಮ್ನಾಬಾದೂ ಒಂದಕ್ಕೊಂದು ಸುಮಾರು 30 ಕಿಲೋಮೀಟರು ದೂರದಲ್ಲಿ, ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲಾದ ಪ್ರಸ್ಥಭೂಮಿಯ ಮೇಲೆ ನೆಲೆಗೊಂಡಿವೆ. ಕೆಳಗೆ ದಖ್ಖನಿನ ಕಪ್ಪು ಬಸಾಲ್ಟ್ ಶಿಲೆ, ಅದರ ಮೇಲೆ ಅಲ್ಲಲ್ಲಿ ಕೆಂಪು ಜಂಬಿಟ್ಟಿಗೆಯ ದಪ್ಪ ಹೊದಿಕೆ; ಇದೇ ಈ ಸೀಮೆಯ ಮೈಕಟ್ಟು. ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ನೋಡಿ 1807ರ ತನ್ನ ಗ್ರಂಥದಲ್ಲಿ ಲ್ಯಾಟರೈಟ್ ಎಂಬ ಹೆಸರನ್ನಿಟ್ಟ ಈ ಕಲ್ಲು, ನೆಲದಿಂದ ತೆಗೆಯುವಾಗ ಬಾಚಿಯ ಪೆಟ್ಟಿಗೆ ಒಗ್ಗುವಷ್ಟು ಮೃದುವಾಗಿದ್ದು, ಗಾಳಿ ಬಿಸಿಲುಗಳಿಗೆ ತೆರೆದಿಟ್ಟಂತೆಲ್ಲ ಗಟ್ಟಿಯಾಗುವ ಗುಣವುಳ್ಳದ್ದು. ಮೈಯೆಲ್ಲ ರಂಧ್ರಗಳಾದ ಕಾರಣ ತಾಪವನ್ನು ಬೇಗನೆ ಆಚೆಗೆ ದಾಟಗೊಡದು. ಬಸವಕಲ್ಯಾಣದ ತ್ರಿಪುರಾಂತ ಕೆರೆಯ ಬಳಿಯ ಅಕ್ಕನಾಗಮ್ಮನ ಗವಿಯನ್ನು ಮೇ ತಿಂಗಳ ಮಧ್ಯಾಹ್ನದಲ್ಲಿ ಹೊಕ್ಕವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊರಗೆ ಪಾದರಸವು 40 ಡಿಗ್ರಿಯನ್ನು ಮುಟ್ಟುತ್ತಿರುವಾಗ ಒಳಗಿನ ಕಲ್ಲಿಗೆ ಬೆನ್ನನ್ನು ಆನಿಸಿದರೆ ತಂಪು. ನೆಲದ ಆಳದಲ್ಲಿ ಬೇಸಿಗೆ ಚಳಿಗಾಲಗಳ ಭೇದವು ಅಳಿಸಿಹೋಗಿ, ವರ್ಷದ ಸರಾಸರಿ ಉಷ್ಣತೆಯೊಂದೇ ಉಳಿದಿರುತ್ತದೆ. ಶರಣರು ಗವಿಗಳನ್ನು ಆರಿಸಿಕೊಂಡುದು ಏಕಾಂತಕ್ಕಾಗಿ; ಆದರೆ ಏಕಾಂತದಲ್ಲಿ ಕುಳಿತ ಶರೀರಕ್ಕೂ ಈ ನಾಡಿನ ಬೇಸಿಗೆಯನ್ನು ಕಳೆಯಬೇಕಾಗಿತ್ತಷ್ಟೆ.

11ನೆಯ ಶತಮಾನದ ನಡುಭಾಗದಲ್ಲಿ ಒಂದನೆಯ ಸೋಮೇಶ್ವರನು ಚಾಲುಕ್ಯರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ, ಎಂದರೆ ಇಂದಿನ ಬಸವಕಲ್ಯಾಣಕ್ಕೆ, ತಂದಮೇಲೆ, ಈ ಊರು ಒಂದು ಸಾಮ್ರಾಜ್ಯದ ಕಣ್ಣಾಯಿತು. 1076ರಲ್ಲಿ ಪಟ್ಟವೇರಿದ ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನು ಹುಮ್ನಾಬಾದ್ ತಾಲ್ಲೂಕಿನ ಜಲಸಂಗ್ವಿಯ ದೇವಾಲಯದಲ್ಲಿ ಶಿಲಾಬಾಲಿಕೆಯೊಬ್ಬಳು ಇಂದಿಗೂ ಕಲ್ಲಿನ ಮೇಲೆ ಬರೆಯುತ್ತ ನಿಂತಿದ್ದಾಳೆ. ಆತನ ಮಗನಾದ ಮೂರನೆಯ ಸೋಮೇಶ್ವರನು, ಸರ್ವಜ್ಞನೆಂಬ ಬಿರುದಿಗೆ ಒಪ್ಪುವಂತೆ, ಸುಮಾರು 1129ರಲ್ಲಿ ಮುಗಿಸಿದ ‘ಮಾನಸೋಲ್ಲಾಸ’ವು ಐದು ವಿಂಶತಿಗಳ, ನೂರು ಅಧ್ಯಾಯಗಳ ಮಹಾಕೋಶ. ಅದರ ಮೂರನೆಯ ವಿಂಶತಿಯಲ್ಲಿ ಅರಸನ ಇಪ್ಪತ್ತು ಉಪಭೋಗಗಳು ಹೇಳಲ್ಪಟ್ಟಿವೆ. ಗೃಹ, ಸ್ನಾನ, ವಿಲೇಪನ, ಚಾಮರ, ಪಾನೀಯ, ಛತ್ರ ಎಂದು ಸಾಗುವ ಆ ಪಟ್ಟಿಯನ್ನು ಬಿಸಿಲುನಾಡಿನವನ ಕಣ್ಣಿನಿಂದ ಓದಿದರೆ, ಅದರಲ್ಲಿ ಅನೇಕವು ತಾಪಶಮನದ ಉಪಾಯಗಳೆಂಬುದು ಗೋಚರವಾಗುತ್ತದೆ. ಮನೆಯು ಬಿಸಿಲನ್ನು ತಡೆಯುತ್ತದೆ, ಛತ್ರವು ಅದನ್ನು ತಲೆಯ ಮೇಲೆಯೇ ನಿಲ್ಲಿಸುತ್ತದೆ, ಚಾಮರವು ಗಾಳಿಯನ್ನು ಆಡಿಸುತ್ತದೆ, ಸ್ನಾನವೂ ಗಂಧವಿಲೇಪನವೂ ಚರ್ಮದ ಮೇಲಿನ ತೇವವು ಆರುವಾಗ ಕಾವನ್ನು ಒಯ್ಯುವಂತೆ ಮಾಡುತ್ತವೆ. ಯಾವ ಋತುವಿಗೆ ಯಾವ ನೀರು ಹಿತವೆಂಬುದನ್ನೂ ಆ ಅರಸನು ವಿಚಾರಿಸಿದ್ದಾನೆ. ಕಾವನ್ನು ತಡೆಯುವುದು, ಗಾಳಿಯನ್ನು ಆಡಿಸುವುದು, ನೀರನ್ನು ಆರಿಸುವುದು, ಋತುವನ್ನು ಅರಿತು ನಡೆಯುವುದು: ಈ ನಾಲ್ಕು ಉಪಾಯಗಳನ್ನು ಬಿಟ್ಟು ಯಂತ್ರದ ಶೈತ್ಯವೆಂಬ ಐದನೆಯದೊಂದು ಸಾಮಾನ್ಯ ಜನರ ಕೈಗೆ ಬಂದುದು ತೀರ ಇತ್ತೀಚಿನ ಮಾತು.

ನಮ್ಮ ಶಾಸ್ತ್ರಭಾಷೆಯು ಕಿಟಕಿಗೆ ಕೊಟ್ಟ ಹೆಸರುಗಳಲ್ಲಿ ‘ವಾತಾಯನ’ವೆಂಬುದು ಒಂದು. ವಾತದ ಅಯನ, ಎಂದರೆ ಗಾಳಿಯ ದಾರಿ. ನೋಡುವುದಕ್ಕಾಗಿ ಮಾಡಿದ ಕಂಡಿಯಲ್ಲ, ಬೆಳಕಿಗಾಗಿ ಬಿಟ್ಟ ತೆರಪಲ್ಲ, ಗಾಳಿಯು ನಡೆದುಹೋಗುವ ದಾರಿ. ದಾರಿಯೆಂದಮೇಲೆ ಅದಕ್ಕೆ ಬರುವ ತುದಿಯೊಂದು, ಹೋಗುವ ತುದಿಯೊಂದು ಇರಲೇಬೇಕು. ಒಂದೇ ತುದಿಯುಳ್ಳದ್ದು ದಾರಿಯಲ್ಲ, ಗುಂಡಿ. ಚಾಲುಕ್ಯರ ಶಿಲ್ಪಿಗಳು ಗುಡಿಯ ಗೋಡೆಗಳಲ್ಲಿ ಕೊರೆದ ಜಾಲಂಧ್ರಗಳು ಅಲಂಕಾರವೆಂದು ನಮಗೆ ತೋರುತ್ತವೆಯಾದರೂ, ದೀಪದ ಹೊಗೆಯೂ ಜನರ ಉಸಿರೂ ತುಂಬುವ ಕಲ್ಲಿನ ಮಂಟಪಕ್ಕೆ ಅವು ಶ್ವಾಸನಾಳಗಳೇ ಆಗಿದ್ದುವು.

ಕಲ್ಯಾಣದ ವೈಭವವು ಅಡಗಿ, ಬಹಮನಿ ಅರಸರು 15ನೆಯ ಶತಮಾನದಲ್ಲಿ ಬೀದರಿಗೆ ರಾಜಧಾನಿಯನ್ನು ತಂದಾಗ, ಗಾಳಿ ನೀರುಗಳ ಶಾಸ್ತ್ರವು ಪಾರಸಿಕ ದೇಶದಿಂದ ಹೊಸ ಅಧ್ಯಾಯವೊಂದನ್ನು ಪಡೆಯಿತು. ಬೀದರಿನ ನೌಬಾದಿನಲ್ಲಿ ಜಂಬಿಟ್ಟಿಗೆಯನ್ನು ಕೊರೆದು ಮಾಡಿದ ಕರೇಜ್ ಎಂಬ ಸುರಂಗದ ಕಾಲುವೆಯು ನೆಲದೊಳಗೆ ಎರಡು ಕಿಲೋಮೀಟರಿಗೂ ಮೀರಿ ಹರಿಯುತ್ತದೆ. ಅದರ ನೆತ್ತಿಯ ಮೇಲೆ ಸಾಲಾಗಿ 21 ಬಾವಿಗಳು ಬಾಯ್ದೆರೆದಿವೆ. ನೀರನ್ನು ಸೇದುವುದು ಈ ಬಾವಿಗಳ ಒಂದು ಪ್ರಯೋಜನವಷ್ಟೆ. ಭೂಮಿಯ ಆಳದಲ್ಲಿ ಗುದ್ದಲಿಯನ್ನು ಹಿಡಿದು ಮುಂದೆ ಮುಂದೆ ಸಾಗುತ್ತಿದ್ದ ಕೆಲಸಗಾರನಿಗೆ ಉಸಿರೂ, ಅವನ ಹಣತೆಗೆ ಪ್ರಾಣವೂ ದೊರೆತುದು ಇವುಗಳಿಂದಲೇ. ಒಂದು ಬಾವಿಯು ಮಾತ್ರ ಇದ್ದಿದ್ದರೆ ಸುರಂಗದ ಗಾಳಿಯು ಕೊಳೆತು ನಿಲ್ಲುತ್ತಿತ್ತು, ಎರಡನೆಯದು ತೆರೆದ ಕೂಡಲೆ ಅದು ಹರಿಯತೊಡಗುತ್ತಿತ್ತು. ಪಾರಸಿಕರ ಯಜ್ದ್ ನಗರದಲ್ಲಿ ಮನೆಗಳ ಮೇಲೆ ‘ಬಾದ್‌ಗೀರ್’ ಎಂಬ ಗಾಳಿಗೋಪುರಗಳನ್ನು ಕಟ್ಟಿ, ಮೇಲಿನ ಗಾಳಿಯನ್ನು ಹಿಡಿದು ಕೆಳಗಿಳಿಸಿ, ಸುರಂಗದ ನೀರಿನ ತಂಪನ್ನು ಅದಕ್ಕೆ ಕೂಡಿಸುವ ಪದ್ಧತಿಯುಂಟು. ನಮ್ಮ ಕರೇಜ್ ಆ ವಿದ್ಯೆಯ ಒಡಹುಟ್ಟು.

ಹುಮ್ನಾಬಾದಿನಿಂದ ಸೋಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿಯೇ ನಳದುರ್ಗವಿದೆ. ಆದಿಲಶಾಹಿಗಳು 17ನೆಯ ಶತಮಾನದ ಆದಿಯಲ್ಲಿ ಬೋರಿ ನದಿಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟಿನ ಗೋಡೆಯ ಹೊಟ್ಟೆಯೊಳಗೆಯೇ ಅಲ್ಲಿ ‘ಪಾನಿ ಮಹಲ್’ ಎಂಬ ಅರಮನೆಯ ಕೋಣೆಗಳಿವೆ. ಮಳೆಗಾಲದಲ್ಲಿ ನೀರು ಅಣೆಯನ್ನು ಮೀರಿ ಎದುರಿಗೆ ತೆರೆಯಂತೆ ಬೀಳುತ್ತಿರಲು, ಒಳಗೆ ಕುಳಿತವನಿಗೆ ಒಂದು ಹನಿಯೂ ತಾಕದೆ ನೀರಿನ ಶೈತ್ಯವು ಮಾತ್ರ ಬಂದು ಸೇರುತ್ತದೆ. ಇಂದಿನವರು ಗಣಕಯಂತ್ರದ ತಿರುಳಿನ ಮೇಲೆ ಲೋಹದ ಬಿಲ್ಲೆಯೊಂದನ್ನು ಒತ್ತಿ, ಅದರೊಳಗೆ ನಳಿಗೆಗಳಿಂದ ನೀರನ್ನು ಹರಿಯಿಸಿ, ನೀರು ಯಂತ್ರವನ್ನು ಮುಟ್ಟದಂತೆಯೇ ಅದರ ಕಾವನ್ನು ಕದ್ದೊಯ್ಯುವಂತೆ ಮಾಡುವುದನ್ನು ಕಂಡಾಗ ನನಗೆ ಆ ಮಹಲು ನೆನಪಾಗುತ್ತದೆ. ನೀರು ಸೇವಕನಾಗಿರಬೇಕು, ಅತಿಥಿಯಾಗಿ ಒಳಗೆ ಬರಕೂಡದು ಎಂಬ ನಿಯಮವು ಎರಡು ಕಡೆಯೂ ಒಂದೇ.

1657ರಲ್ಲಿ ಔರಂಗಜೇಬನು ಬೀದರನ್ನೂ ಕಲ್ಯಾಣದ ಕೋಟೆಯನ್ನೂ ಗೆದ್ದುಕೊಂಡನು. ಮೊಗಲರ ದಂಡಿನೊಡನೆ ಅವರ ಬೇಸಿಗೆಯ ಸಂಪ್ರದಾಯಗಳೂ ದಕ್ಷಿಣಕ್ಕೆ ಇಳಿದುಬಂದುವು. ಲಾವಂಚದ ಬೇರನ್ನು ಬಿದಿರಿನ ಚೌಕಟ್ಟಿಗೆ ತುಂಬಿ, ನೀರನ್ನು ಚಿಮುಕಿಸಿ, ಬೀಸುವ ಬಿಸಿಗಾಳಿಗೆ ಅಡ್ಡ ನಿಲ್ಲಿಸುವ ಖಸ್ ತಟ್ಟಿಗಳ ವಿಷಯವನ್ನು ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯು ಹೇಳುತ್ತದೆ, ಪೆಟ್ಲುಪ್ಪನ್ನು ಕರಗಿಸಿದ ನೀರಿನಲ್ಲಿ ಕುಡಿಯುವ ನೀರಿನ ಪಾತ್ರೆಯನ್ನು ತಿರುಗಿಸಿ ತಣಿಸುವ ಉಪಾಯವೂ ಅಲ್ಲಿದೆ. ಮುಂದೆ ಕಲ್ಯಾಣವು ನಿಜಾಮರ ಅಧೀನದಲ್ಲಿ ನವಾಬರ ಜಾಗೀರಾಗಿ ಮುಂದುವರಿಯಿತು. ಆ ಯುಗದಲ್ಲಿ ಆಂಗ್ಲ ಅಧಿಕಾರಿಗಳು ಇಂಡಿಯಾದ ಬಂಗಲೆಗಳಲ್ಲಿ ಥರ್ಮ್ಯಾಂಟಿಡೋಟ್ ಎಂಬ ದೊಡ್ಡ ಮರದ ಪೆಟ್ಟಿಗೆಯೊಂದನ್ನು ಬಳಸತೊಡಗಿದರು: ಪಕ್ಕಗಳಲ್ಲಿ ತೊಯ್ದ ಖಸ್ ತಟ್ಟಿಗಳು, ಒಳಗೆ ಆಳೊಬ್ಬನು ಕೈಯಿಂದ ತಿರುಗಿಸುವ ರೆಕ್ಕೆಗಳು, ಕೋಣೆಯ ಕಡೆಗೆ ಒಂದು ಬಾಯಿ. ಇಂದು ಹುಮ್ನಾಬಾದಿನ ಬೀದಿಬೀದಿಯಲ್ಲಿ ಕಿಟಕಿಗೆ ಆತುಕೊಂಡು ನಿಂತಿರುವ ಕೂಲರು ಇದರ ವಂಶದಲ್ಲಿಯೇ ಹುಟ್ಟಿದುದು. ಆಳಿನ ತೋಳಿದ್ದೆಡೆಗೆ ವಿದ್ಯುತ್ತಿನ ಮೋಟಾರು ಬಂದಿತು. ಪಂಖಾದ ಹಗ್ಗವನ್ನೆಳೆಯುತ್ತ, ತಾನು ಬೆವರಿ ಪರರನ್ನು ತಣಿಸಿದ ಆ ಅಸಂಖ್ಯ ಜನರ ಹೆಸರು ಯಾವ ಶಾಸನದಲ್ಲಿಯೂ ಇಲ್ಲವೆಂಬುದನ್ನು ಈ ಚರಿತ್ರೆಯನ್ನು ಬರೆಯುವವನು ನೆನೆಯದೆ ಮುಂದುವರಿಯಲಾಗದು.

ಅರಸರ ವಿಷಯ ಹೀಗಾದರೆ, ಒಕ್ಕಲಿನವನಿಗೂ ಸಾಲೆಯ ಗುರುವಿಗೂ ಕೋಮಟಿಗೂ ಆಶ್ರಯವಾದುದು ಮಣ್ಣಿನ ಮಾಳಿಗೆಯ ಮನೆ. ಎರಡು ಮೂರು ಅಡಿ ದಪ್ಪದ ಕಲ್ಲು ಮಣ್ಣಿನ ಗೋಡೆಗಳು, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಅದರ ಮೇಲೆ ತುಳಿದು ಕೂಡಿಸಿದ ಮಣ್ಣಿನ ದಪ್ಪ ಹಾಸು: ಮಧ್ಯಾಹ್ನದ ಬಿಸಿಲು ಇಷ್ಟನ್ನೂ ತೂರಿಕೊಂಡು ಒಳಮೈಗೆ ಬರುವಷ್ಟರಲ್ಲಿ ರಾತ್ರಿಯಾಗಿರುತ್ತದೆ, ಮತ್ತು ರಾತ್ರಿಯಲ್ಲಿ ಅದನ್ನು ಹೊರಗೆ ಕಳುಹಿಸಲು ಮೇಲೆ ಬೆಳಕಿಂಡಿ, ಕೆಳಗೆ ಹಿತ್ತಲ ಬಾಗಿಲು ಕಾದಿರುತ್ತವೆ. ಬಿಸಿಗಾಳಿಯು ಹಗುರ, ತಂಗಾಳಿಯು ತೂಕ. ಹಗುರವಾದುದು ಏರುತ್ತದೆ, ತೂಕದ್ದು ಇಳಿಯುತ್ತದೆ. ಆದುದರಿಂದ ಹೋಗುವ ದಾರಿಯು ಮೇಲಿರಬೇಕು, ಬರುವ ದಾರಿಯು ಕೆಳಗಿರಬೇಕು, ಎರಡರ ನಡುವೆ ಅಡ್ಡಗಳು ಕಡಿಮೆಯಿರಬೇಕು. ಈ ಮೂರು ಸೂತ್ರಗಳನ್ನು ನಮ್ಮ ಗೌಂಡಿಗಳು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಆದರೆ ಅವನ್ನು ಮೀರಿ ಕಟ್ಟಿದ ಹಳೆಯ ಮನೆಯೊಂದನ್ನು ನಾನು ನಮ್ಮ ಓಣಿಯಲ್ಲಿ ಕಂಡಿಲ್ಲ.

ಕಾಂಕ್ರೀಟಿನ ತೆಳುವಾದ ಮಾಡು ಬಂದಮೇಲೆ ಈ ವಿವೇಕವು ಒಂದೇ ತಲೆಮಾರಿನಲ್ಲಿ ಮಂಕಾಯಿತು. ಮೊದಮೊದಲಿನ ತಾರಸಿ ಮನೆಗಳಲ್ಲಿ ಗೋಡೆಯ ಮೇಲ್ತುದಿಗೆ ವೆಂಟಿಲೇಟರುಗಳಾದರೂ ಇದ್ದುವು. ಧೂಳು ಬರುತ್ತದೆಂದು, ಸೊಳ್ಳೆ ಬರುತ್ತದೆಂದು ಅವನ್ನೂ ಮುಚ್ಚಿಬಿಟ್ಟೆವು. ಆಮೇಲೆ ಕೂಲರನ್ನು ತಂದು, ಬಾಗಿಲು ಕಿಟಕಿಗಳನ್ನೆಲ್ಲ ಭದ್ರವಾಗಿ ಹಾಕಿಕೊಂಡು ಅದರ ಮುಂದೆ ಕುಳಿತು, ತಂಪಾಗುವುದಕ್ಕೆ ಬದಲಾಗಿ ಮೈಯೆಲ್ಲ ಜಿಗುಟಾಯಿತೆಂದು ಕೊರಗಿದೆವು. ಒಂದು ಲೀಟರು ನೀರು ಆರಿ ಆವಿಯಾಗುವಾಗ ಸುಮಾರು 24 ಲಕ್ಷ ಜೂಲುಗಳಷ್ಟು ಕಾವನ್ನು, ಎಂದರೆ ಒಂದು ಕಿಲೋವ್ಯಾಟಿನ ಒಲೆಯು 40 ನಿಮಿಷ ಉರಿದು ಕೊಡುವಷ್ಟನ್ನು, ಗಾಳಿಯಿಂದ ಹೀರಿಕೊಳ್ಳುತ್ತದೆ. ಆದರೆ ತೇವದಿಂದ ತುಂಬಿದ ಆ ಗಾಳಿಯು ಎದುರಿನ ಕಿಟಕಿಯಿಂದ ಹೊರಗೆ ಹೋಗದಿದ್ದರೆ, ಮುಂದಿನ ಲೀಟರು ಆರುವುದೇ ಇಲ್ಲ. ಇಲ್ಲಿಯೂ ಗಾಳಿಯು ಕೇಳುವುದು ಎರಡನೆಯ ಬಾಗಿಲನ್ನೇ.

ಮನುಷ್ಯನಿಗಾಗಿ ಹುಟ್ಟಿದ ಈ ವಿದ್ಯೆಯನ್ನು ಯಂತ್ರಗಳು ಬೇಡತೊಡಗಿದುದು 20ನೆಯ ಶತಮಾನದಲ್ಲಿ. 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ಹವಾನಿಯಂತ್ರಣದ ಯಂತ್ರವನ್ನು ರಚಿಸಿದುದು ಬ್ರೂಕ್ಲಿನ್ನಿನ ಮುದ್ರಣಾಲಯವೊಂದರ ಕಾಗದವು ತೇವದಿಂದ ಹಿಗ್ಗದಿರಲೆಂದು. ಅಲ್ಲಿ ದುಡಿಯುವವರ ಸುಖಕ್ಕಾಗಿ ಅಲ್ಲ. 1946ರಲ್ಲಿ ಲೋಕಕ್ಕೆ ಪ್ರದರ್ಶಿತವಾದ ಎನಿಯಾಕ್ ಎಂಬ ಗಣಕವು ಸುಮಾರು 18,000 ನಿರ್ವಾತ ಕೊಳವೆಗಳಿಂದ ಕೂಡಿ ಸುಮಾರು 150 ಕಿಲೋವ್ಯಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ನುಂಗಿದುದೆಲ್ಲವೂ ಕಾವಾಗಿಯೇ ಹೊರಬರಬೇಕಾದ್ದರಿಂದ, ಅದಕ್ಕೆ ಗಾಳಿಯನ್ನೂದುವ ದೊಡ್ಡ ದೊಡ್ಡ ಪಂಖಗಳನ್ನು ಹೂಡಬೇಕಾಯಿತು. ನಮ್ಮ ದೇಶದಲ್ಲಿಯೇ ರಚಿತವಾಗಿ 1960ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಕೆಲಸಕ್ಕೆ ತೊಡಗಿದ ಟಿಫ್ರಾಕ್ ಕೂಡ ಕೊಳವೆಗಳ ಗಣಕವೇ. ಕೊಳವೆಯು ಹೋಗಿ ಸಿಲಿಕಾನಿನ ಬಿಲ್ಲೆ ಬಂದಮೇಲೆ ತಾಪದ ಚಿಂತೆಯು ಕೆಲಕಾಲ ಮರೆತುಹೋಯಿತು. 1981ರ ಐಬಿಎಂ ಪಿಸಿಯ ಪ್ರೊಸೆಸರು 4.77 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತ, ತಲೆಯ ಮೇಲೆ ಫ್ಯಾನಾಗಲಿ ಲೋಹದ ರೆಕ್ಕೆಗಳಾಗಲಿ ಇಲ್ಲದೆಯೇ ಕಾಲಯಾಪನೆ ಮಾಡಿತು. ಆದರೆ 1993ರ ಪೆಂಟಿಯಂ ಬಿಲ್ಲೆಯು ಸುಮಾರು 15 ವ್ಯಾಟ್ ಕಾವನ್ನು ಕಾರುತ್ತ ಬಂದು, ತಲೆಯ ಮೇಲೊಂದು ಫ್ಯಾನನ್ನು ಕೇಳಿ ಪಡೆಯಿತು; 2004ರ ಹೊತ್ತಿಗೆ ಆ ಬಿಲ್ಲೆಗಳು 100 ವ್ಯಾಟಿಗೂ ಮೀರಿ ಕಾದು, ಇಂಟೆಲ್ ಸಂಸ್ಥೆಯು ಇನ್ನೂ ವೇಗದ ಒಂದು ಬಿಲ್ಲೆಯ ಯೋಜನೆಯನ್ನೇ ಕೈಬಿಟ್ಟು, ಒಂದು ತಿರುಳಿನ ವೇಗವನ್ನು ಏರಿಸುವುದರ ಬದಲು ಎರಡು ತಿರುಳುಗಳನ್ನು ಜೋಡಿಸುವ ದಾರಿಯನ್ನು ಹಿಡಿಯಿತು. ಕೋಟ್ಯಂತರ ಹಣವನ್ನೂ ಅಪಾರ ಬುದ್ಧಿಯನ್ನೂ ಉಳ್ಳವರ ಓಟವು ಕೊನೆಗೆ ನಿಂತುದು ಕಾವಿನ ಹೊಸ್ತಿಲಲ್ಲಿ.

ಇದೇ ಅವಧಿಯಲ್ಲಿ ಮನೆಮನೆಯ ಹುಡುಗರು ಓವರ್‌ಕ್ಲಾಕಿಂಗ್ ಎಂಬ ಹವ್ಯಾಸವನ್ನು ಬೆಳೆಸಿಕೊಂಡರು. ತಯಾರಕನು ನಿಗದಿಮಾಡಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಬಿಲ್ಲೆಯನ್ನು ಓಡಿಸುವುದು ಅದರ ತಾತ್ಪರ್ಯ. 1998ರಲ್ಲಿ ಬಂದ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸಿಗೆ ಏರಿಸಿದರೆ, ಅದು 300ರ ಬದಲು 450ರ ವೇಗದಲ್ಲಿ ಓಡಿ, ಬೆಲೆಬಾಳುವ ಬಿಲ್ಲೆಗಳಿಗೆ ಸರಿಸಮನಾಗುತ್ತಿತ್ತು; ಕಿಸೆಯಲ್ಲಿ ಕಾಸು ಕಡಿಮೆಯಿದ್ದು ತಲೆಯಲ್ಲಿ ಆಸೆಯು ಹೆಚ್ಚಾಗಿದ್ದ ತರುಣರಿಗೆ ಇದು ದೊಡ್ಡ ವರವೇ ಆಯಿತು. ಆದರೆ ಪ್ರಕೃತಿಯ ಲೆಕ್ಕದಲ್ಲಿ ಸಾಲಕ್ಕೆ ಬಡ್ಡಿಯುಂಟು. ಬಿಲ್ಲೆಯ ಕಾವು ವೇಗದೊಡನೆ ಸಮನಾಗಿಯೂ, ವೋಲ್ಟೇಜಿನೊಡನೆ ವರ್ಗದ ಪ್ರಮಾಣದಲ್ಲಿಯೂ ಬೆಳೆಯುತ್ತದೆ. ವೇಗವನ್ನು 20 ಪ್ರತಿಶತ ಏರಿಸಿ, ಅದು ತಡೆದುಕೊಳ್ಳಲೆಂದು ವೋಲ್ಟೇಜನ್ನು 10 ಪ್ರತಿಶತ ಏರಿಸಿದರೆ, ಕಾವು 45 ಪ್ರತಿಶತ ಹೆಚ್ಚುತ್ತದೆ.

ನನ್ನ ಅಣ್ಣನ ಮಗನಿಗೂ ಆ ವರವು ಬೇಕಾಗಿತ್ತು. ಸಿಕಂದರಾಬಾದಿನ ಪಾರ್ಕ್ ಲೇನಿನ ಅಂಗಡಿಗಳಲ್ಲಿ ಒಂದೊಂದೇ ಭಾಗವನ್ನು ಆರಿಸಿ ತಂದು, ಹುಮ್ನಾಬಾದಿನ ಮನೆಯ ಮಹಡಿಯ ಕೋಣೆಯಲ್ಲಿ ತಾನೇ ಜೋಡಿಸಿದ ಗಣಕವನ್ನು ಅವನು 3.4 ಗಿಗಾಹರ್ಟ್ಸಿನಿಂದ 4.2ಕ್ಕೆ ಏರಿಸಿದ್ದನು. ಚಳಿಗಾಲವೆಲ್ಲ ಅದು ಸುಖವಾಗಿ ಓಡಿತು. ಏಪ್ರಿಲ್ ಕಳೆಯುತ್ತಲೂ ಒಳಗಿನ ಉಷ್ಣಮಾಪಕವು 90 ಡಿಗ್ರಿಯನ್ನು ಮೀರಿ, ಯಂತ್ರವು ತನ್ನನ್ನು ತಾನೇ ನಿಲ್ಲಿಸಿಕೊಳ್ಳತೊಡಗಿತು. ಹುಡುಗನು ಒಂದು ಫ್ಯಾನನ್ನು ತಂದನು, ಅನಂತರ ಇನ್ನೊಂದನ್ನು, ಕಾವು ಇಳಿಯಲಿಲ್ಲ. ಒಂದು ಮಧ್ಯಾಹ್ನ ಕಣ್ಣಲ್ಲಿ ನೀರು ತುಂಬಿಕೊಂಡು ನನ್ನೆದುರಿಗೆ ಬಂದು ನಿಂತನು: “ಕಾಕಾ, ಮೂರು ಫ್ಯಾನ್ ಹಾಕಿದ್ರೂ ಕಾವು ಇಳಿಯವಲ್ದು ನೋಡ್ರಿ.” ನಾನು ಉತ್ತರವನ್ನು ಹುಡುಕುತ್ತಿರಲು, ಮೂಲೆಯಲ್ಲಿ ತೊಗರಿಬೇಳೆಯನ್ನು ಆರಿಸುತ್ತ ಕುಳಿತಿದ್ದ ನಮ್ಮ ತಾಯಿಯವರು ತಲೆಯೆತ್ತದೆಯೇ ಕೇಳಿದರು: “ಒಳಗ ಬಂದ ಗಾಳಿ ಹೊರಗ ಹೋಗ್ಲಾಕ ಬಾಗಿಲಾ ಎಲ್ಲಿ ಅದ ತಮ್ಮಾ?”

ಕ್ಯಾಬಿನೆಟ್ಟನ್ನು ಬಿಚ್ಚಿ ನೋಡಿದೆವು. ಮೂರು ಫ್ಯಾನುಗಳೂ ಗಾಳಿಯನ್ನು ಒಳಕ್ಕೇ ನೂಕುತ್ತಿದ್ದುವು. ಹಿಂಬದಿಯಿಂದ ಹೊರಕ್ಕೆ ಊದಬೇಕಾಗಿದ್ದ ಫ್ಯಾನನ್ನು, ಹೊಸ ಗಾಳಿಯು ನೇರವಾಗಿ ಪ್ರೊಸೆಸರಿಗೆ ತಾಗಲೆಂದು ಅವನು ತಿರುಗಿಸಿ ಕೂರಿಸಿದ್ದನು; ಮೇಲಾಗಿ ಪೆಟ್ಟಿಗೆಯು ಮೇಜಿನ ಕೆಳಗಿನ ಗೂಡಿನಲ್ಲಿ, ಬೆನ್ನಿಗೆ ಹಲಗೆಯನ್ನು ಆತುಕೊಂಡು ಇತ್ತು. ಹೊರಗೆ ಸೂಸಿದ ಅಲ್ಪಸ್ವಲ್ಪ ಬಿಸಿಗಾಳಿಯೂ ಗೂಡಿನಲ್ಲಿಯೇ ಸುತ್ತಿ, ಮತ್ತೆ ಮುಂಬಾಗಿಲಿನಿಂದ ಒಳಗೆ ಹೋಗುತ್ತಿತ್ತು. ಇಂತಹ ಗಣಕವು ತನ್ನ ಭಾಗಗಳೆಲ್ಲ ಸೇರಿ 300 ವ್ಯಾಟ್ ಕಾವನ್ನು ಬಿಡುವುದೆಂದು ಹಿಡಿದರೆ, ಒಳಗಿನ ಗಾಳಿಯು ಕೋಣೆಯದಕ್ಕಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗದಿರಲು ಸೆಕೆಂಡಿಗೆ 25ರಿಂದ 30 ಲೀಟರು ಗಾಳಿಯು ಅದರ ಮೂಲಕ ಹಾದುಹೋಗಬೇಕು. ಹಾದುಹೋಗಬೇಕು ಎಂಬಲ್ಲಿ ಒತ್ತಿ ಹೇಳಬೇಕಾದ ಪದವು ‘ಹೋಗಬೇಕು’ ಎಂಬುದೇ. ಎಷ್ಟು ನೂಕಿದರೇನು, ಹೋಗುವ ದಾರಿಯಿಲ್ಲದೆಡೆಗೆ ಗಾಳಿಯು ಬರುವುದೂ ಇಲ್ಲ.

ಮರುದಿನ ಹೆದ್ದಾರಿಯ ಬದಿಯಲ್ಲಿ ಲಾರಿಗಳ ರೇಡಿಯೇಟರನ್ನು ರಿಪೇರಿ ಮಾಡುವ ಪರಿಚಯದವರೊಬ್ಬರ ಬಳಿಗೆ ಹುಡುಗನನ್ನು ಕರೆದುಕೊಂಡು ಹೋದೆನು. ಆ ಹೆದ್ದಾರಿಯ ಸಸ್ತಾಪುರ ಬಂಗ್ಲಾದ ಆಸುಪಾಸಿನಲ್ಲಿ ಪುಣೆ ಹೈದರಾಬಾದುಗಳ ನಡುವೆ ಓಡುವ ಲಾರಿಗಳಿಗೆ ಮೈಕಟ್ಟುವ, ಎಂಜಿನು ಬಿಚ್ಚುವ ಕಸುಬು ಬಹುಕಾಲದಿಂದ ನೆಲೆಯೂರಿದೆ; ಕಾದ ಎಂಜಿನನ್ನು ತಣಿಸುವ ವಿದ್ಯೆಯಲ್ಲಿ ಅಲ್ಲಿಯ ಕೈಗಳು ಪಳಗಿವೆ. ಅವರು ಫ್ಯಾನಿನ ಸುತ್ತ ಇರುವ ತಗಡಿನ ಕವಚವನ್ನು ತೋರಿಸಿ, ಇದು ಕಳಚಿಬಿದ್ದರೆ ಫ್ಯಾನು ಎಷ್ಟು ವೇಗವಾಗಿ ತಿರುಗಿದರೂ ಬಿಸಿಗಾಳಿಯನ್ನೇ ಸುತ್ತಲಿಂದ ಮತ್ತೆ ಎಳೆದುಕೊಳ್ಳುತ್ತದೆಂದೂ, ರೆಕ್ಕೆಗಳ ಸಂದಿನಲ್ಲಿ ಕೆಂಪು ಧೂಳು ಕೂತರೆ ಹೊಸ ಫ್ಯಾನಿಗಿಂತ ಹಳೆಯ ಬ್ರಷ್ಷೇ ಹೆಚ್ಚು ಉಪಕಾರಿಯೆಂದೂ ತಿಳಿಸಿದರು. ಒಂದು ಗಂಟೆಯ ಆ ಪಾಠಕ್ಕೆ ಅವರು ತೆಗೆದುಕೊಂಡುದು ಒಂದು ಲೋಟ ಚಹಾ ಮಾತ್ರ.

ಮನೆಗೆ ಬಂದು ಹುಡುಗನು ಕ್ರಮವಾಗಿ ಕೆಲಸಕ್ಕೆ ಕೈಹಚ್ಚಿದನು. ಮುಂದಿನ ಕೆಳಭಾಗದ ಫ್ಯಾನುಗಳೆರಡು ಒಳಕ್ಕೆ, ಹಿಂಬದಿಯ ಮೇಲ್ಭಾಗದ್ದು ಹೊರಕ್ಕೆ. ಒಳಗೆ ಬರುವುದು ಹೊರಗೆ ಹೋಗುವುದಕ್ಕಿಂತ ತುಸು ಹೆಚ್ಚಾಗಿದ್ದರೆ ಸಂದುಗೊಂದುಗಳಿಂದ ಗಾಳಿಯು ಹೊರಕ್ಕೇ ಒಸರುವುದರಿಂದ ಅಲ್ಲಿಂದ ಧೂಳು ನುಗ್ಗದು, ಬರುವ ಬಾಗಿಲಿಗೆ ಮಾತ್ರ ಜಾಳಿಗೆಯ ಬಟ್ಟೆಯನ್ನು ಕಟ್ಟಿದರೆ ಸಾಕು. ಗಾಳಿಯ ನಡುದಾರಿಯಲ್ಲಿ ಬಳ್ಳಿಗಳಂತೆ ಜೋತಿದ್ದ ವೈರುಗಳನ್ನು, ಮದರ್‌ಬೋರ್ಡ್ ಕೂರಿಸಿದ ತಟ್ಟೆಯ ಹಿಂದಕ್ಕೆ ಕಟ್ಟಿದನು. ಬಿಲ್ಲೆಯ ಮೇಲಿನ ಲೋಹದ ರೆಕ್ಕೆಗಳ ಹೀಟ್‌ಸಿಂಕನ್ನು ಎತ್ತಿ, ಒಣಗಿದ ಹಳೆಯ ಪೇಸ್ಟನ್ನು ಒರೆಸಿ, ಹೊಸದನ್ನು ತೆಳುವಾಗಿ ಸವರಿದನು. ಲೋಹಕ್ಕೂ ಬಿಲ್ಲೆಗೂ ನಡುವಿನ ಕಣ್ಣಿಗೆ ಕಾಣದ ತೆರಪನ್ನು ತುಂಬುವುದಷ್ಟೇ ಅದರ ಕೆಲಸ, ದಪ್ಪವಾದರೆ ಅದೇ ಕಂಬಳಿಯಾಗುತ್ತದೆ. ಪೆಟ್ಟಿಗೆಯನ್ನು ಗೂಡಿನಿಂದ ತೆಗೆದು, ಗೋಡೆಯಿಂದ ಎರಡು ಗೇಣು ದೂರಕ್ಕೆ ಇಟ್ಟನು. ಕೂಲರಿನ ಗಾಳಿಯನ್ನು ನೇರವಾಗಿ ಅದರೊಳಗೆ ಬಿಡುವೆನೆಂದು ಹೊರಟಾಗ ಮಾತ್ರ ನಾನು ತಡೆದೆನು; ಆ ಗಾಳಿಯೊಡನೆ ಹಾರುವ ನಮ್ಮ ಗಡಸು ನೀರಿನ ಹನಿಗಳು ಆರಿದಲ್ಲೆಲ್ಲ ಉಪ್ಪನ್ನು ಬಿಟ್ಟುಹೋಗುವುದನ್ನು ಕೂಲರಿನ ಹುಲ್ಲಿನ ಮೇಲೆಯೇ ನೋಡಬಹುದು. ಅಂದಿನ ಸಂಜೆ ಅದೇ ವೇಗದಲ್ಲಿ ಓಡಿಸಿದಾಗ ಉಷ್ಣಮಾಪಕವು 80ನ್ನು ದಾಟಲಿಲ್ಲ. ಹೊಸದಾಗಿ ಒಂದು ಫ್ಯಾನನ್ನೂ ಕೊಂಡಿರಲಿಲ್ಲ.

ಆದರೂ ಎರಡು ಮೂರು ಗಂಟೆಗಳ ತರುವಾಯ ಅಂಕಿಯು ಮತ್ತೆ ಮೆಲ್ಲನೆ ಏರತೊಡಗಿತು. ಈ ಸಲ ಕಾರಣವನ್ನು ಕಂಡುಕೊಂಡವನು ಹುಡುಗನೇ. ಗಾಳಿಯಿಂದ ತಣಿಸುವ ಯಾವ ಉಪಕರಣವೂ ತನ್ನ ಸುತ್ತಲಿನ ಗಾಳಿಗಿಂತ ತಂಪನ್ನು ಕೊಡಲಾರದು. ಪೆಟ್ಟಿಗೆಯು ತನ್ನ ಕಾವನ್ನು ಕೋಣೆಗೆ ಒಪ್ಪಿಸಿ ನಿಶ್ಚಿಂತವಾಗಿತ್ತು, ಕೋಣೆಗೆ ಅದನ್ನು ಒಪ್ಪಿಸಲು ಆಕಾಶದ ಕಡೆಗೆ ದಾರಿಯಿರಲಿಲ್ಲ. ಕೋಣೆಯೂ ಒಂದು ಪೆಟ್ಟಿಗೆಯೇ. ಮುಂದಿನ ವಾರ ಗೌಂಡಿಯೊಬ್ಬನನ್ನು ಕರೆಯಿಸಿ, ಮಹಡಿಯ ಪಡುವಣ ಗೋಡೆಯಲ್ಲಿ, ಛಾವಣಿಯಿಂದ ಒಂದು ಗೇಣು ಕೆಳಗೆ, ಮೊಳದಗಲದ ಕಿಂಡಿಯೊಂದನ್ನು ತೆಗೆಯಿಸಿದೆವು. ಅಳತೆಯನ್ನು ಹೇಳಲು ನನಗೆ ಯಾವ ಗ್ರಂಥವೂ ಬೇಕಾಗಲಿಲ್ಲ. ಬಸವಕಲ್ಯಾಣದ ನಡುಮನೆಯಲ್ಲಿ ತಲೆಯೆತ್ತಿ ನೋಡಿದ ನೆನಪು ಸಾಕಾಯಿತು.

ಈಗ ಅವನ ಗಣಕಕ್ಕೆ ಎರಡು ವೇಗಗಳಿವೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ, ಪ್ರಸ್ಥಭೂಮಿಯ ಚಳಿಯು ರಾತ್ರಿಗಳನ್ನು ಹಿಡಿದಿರುವಾಗ, 4.2, ಯುಗಾದಿಯಿಂದ ಮುಂಗಾರು ಹಿಡಿಯುವವರೆಗೆ, ತಯಾರಕನು ಹೇಳಿದ 3.4. ಋತುವನ್ನು ನೋಡಿ ನೀರನ್ನು ಆರಿಸಿದ ಅರಸನ ಕಥೆಯನ್ನು ನಾನು ಹೇಳಿದಾಗ ಅವನು ತುಂಬ ಹೊತ್ತು ಸುಮ್ಮನಿದ್ದು, ಆ ಪುಸ್ತಕವು ಎಲ್ಲಿ ಸಿಗುತ್ತದೆಂದು ಕೇಳಿದನು. ಮೇ ತಿಂಗಳ ಸಂಜೆಗಳಲ್ಲಿ ಅಜ್ಜಿಯು ಕೆಳಗೆ ದೀಪವನ್ನು ಹಚ್ಚಿ ಹಿತ್ತಲ ಬಾಗಿಲನ್ನು ತೆರೆದ ಸದ್ದು ಕೇಳಿದೊಡನೆಯೇ ಅವನು ಎದ್ದು, ಮೇಲಿನ ಕಿಂಡಿಯ ಹಲಗೆಯನ್ನು ಸರಿಸುತ್ತಾನೆ. ಮಹಡಿಯ ಮೆಟ್ಟಿಲುಗಳನ್ನೇರಿ ಬರುವ ಗಾಳಿಯಲ್ಲಿ ಅವನ ಪುಸ್ತಕದ ಹಾಳೆಯೊಂದು ಎದ್ದು ಬೀಳುತ್ತದೆ.